ಜೋಡಿ ಕಟ್ಟುವ ನ್ಯಾಯ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ನಿಂತಿರುವ ಗೊಮ್ಮಟೇಶ್ವರನ ಕಥೆಯು ವೈರಾಗ್ಯದ ಕಥೆಯೆಂದು ನಾಡಿಗೆಲ್ಲ ತಿಳಿದಿದೆ. ಆ ವೈರಾಗ್ಯವು ಒಂದು ಸ್ಪರ್ಧೆಯ ಕಣದಲ್ಲಿ ಹುಟ್ಟಿತೆಂಬುದನ್ನು, ಆ ಸೀಮೆಯ ಶಾಲೆಗಳ ಆಟದ ಬಯಲುಗಳನ್ನು ಕಂಡಾಗಲೆಲ್ಲ ನೆನೆಯಬೇಕೆಂದು ನನಗೆ ತೋರುತ್ತದೆ. ವೃಷಭನಾಥನ ಮಕ್ಕಳಾದ ಭರತ ಬಾಹುಬಲಿಗಳ ಸೇನೆಗಳು ಇದಿರುಬದಿರಾಗಿ ನಿಂತಾಗ, ಅಣ್ಣತಮ್ಮಂದಿರ ಕಲಹಕ್ಕಾಗಿ ಅಸಂಖ್ಯಾತ ಜನರು ಮಡಿಯುವುದು ಅಧರ್ಮವೆಂದು ಬಗೆದ ಮಂತ್ರಿಗಳು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳನ್ನು ಗೊತ್ತುಮಾಡಿದರು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ ಈ ಪ್ರಸಂಗವನ್ನು ಪಂಪನು 941ರಲ್ಲಿ ತನ್ನ ಆದಿಪುರಾಣದ ಮೂಲಕ ಕನ್ನಡಕ್ಕೆ ತಂದನು. ಅದಾದ ನಾಲ್ಕು ದಶಕಗಳ ಮೇಲೆ, 981ರ ಸುಮಾರಿನಲ್ಲಿ, ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಗೆದ್ದವನಾದ ಬಾಹುಬಲಿಯ, ಅಂದರೆ ಗೊಮ್ಮಟೇಶ್ವರನ, ಮೂರ್ತಿಯನ್ನು, ಸುಮಾರು 58 ಅಡಿಯ ಎತ್ತರದಲ್ಲಿ, ಏಕಶಿಲೆಯಲ್ಲಿ ಕಡೆಯಿಸಿದನು.

ಪುರಾಣಕಾರರು ಮರೆಮಾಚದೆ ಹೇಳಿರುವ ಒಂದು ಸಂಗತಿ ಇಲ್ಲಿ ಬಹಳ ಮುಖ್ಯವಾದುದು. ಭರತನ ದೇಹದ ಎತ್ತರ 500 ಬಿಲ್ಲು, ಬಾಹುಬಲಿಯದು 525 ಬಿಲ್ಲು. ಕಣ್ಣಿಗೆ ಕಣ್ಣಿಟ್ಟು ನಿಂತಾಗ ತಲೆಯೆತ್ತಿ ನೋಡಬೇಕಾದ ಅಣ್ಣನ ರೆಪ್ಪೆ ಮೊದಲು ಬಡಿಯಿತು. ಸರೋವರದಲ್ಲಿ ನೀರೆರಚಿದಾಗ ಅಣ್ಣನೆರಚಿದ ನೀರು ತಮ್ಮನ ಎದೆಯವರೆಗೆ ಮಾತ್ರ ಏರಿತು, ತಮ್ಮನೆರಚಿದುದು ಅಣ್ಣನ ಮುಖವನ್ನೇ ಮುಚ್ಚಿತು. ಎರಡು ಗೆಲವುಗಳೂ ಹುಟ್ಟಿನಿಂದ ಬಂದ ದೇಹದ ಗೆಲವುಗಳು. ಬಾಹುಬಲಿಗೆ ಇದು ತಿಳಿದಿದ್ದಿತೋ ಏನೋ, ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದವನು, ನೆಲಕ್ಕೆ ಅಪ್ಪಳಿಸುವ ಅವಕಾಶವಿದ್ದರೂ, ಹಿರಿಯನೆಂಬ ಗೌರವದಿಂದ ಹಾಗೆ ಮಾಡಲಿಲ್ಲ. ಸೋಲಿನ ಅವಮಾನವನ್ನು ತಾಳಲಾರದ ಭರತನು ಒಪ್ಪಂದವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದನು. ಚಕ್ರವು ತಮ್ಮನಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ಗೆದ್ದ ರಾಜ್ಯವನ್ನು ಅಲ್ಲಿಯೇ ಬಿಟ್ಟು ತಪಸ್ಸಿಗೆ ನಡೆದನು. ಕ್ರೀಡಾಧರ್ಮವೆಂದು ನಾವು ಶಾಲೆಗಳಲ್ಲಿ ಬೋಧಿಸುವ ವಿಷಯಕ್ಕೆ, ಅದರ ಪಾಲನೆಗೂ ಅದರ ಭಂಗಕ್ಕೂ, ಇದಕ್ಕಿಂತ ಹಿರಿದಾದ ನಿದರ್ಶನವನ್ನು ನಾನು ಕಾಣೆನು.

ಎದುರಿನ ಚಿಕ್ಕಬೆಟ್ಟದಲ್ಲಿಯೂ ಆಟದ ನೆನಪೊಂದು ಕಲ್ಲಿನಲ್ಲಿ ಉಳಿದಿದೆ. ರಾಷ್ಟ್ರಕೂಟರ ಕೊನೆಯ ಅರಸನಾದ ನಾಲ್ಕನೆಯ ಇಂದ್ರನು ರಾಜ್ಯವೆಲ್ಲ ಕೈಬಿಟ್ಟ ಮೇಲೆ 982ರಲ್ಲಿ ಇಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ಅವನನ್ನು ಸ್ಮರಿಸುವ ಶಾಸನವು, ಮೃತ್ಯುವಿನ ಸನ್ನಿಧಿಯಲ್ಲಿಯೂ, ಕುದುರೆಯೇರಿ ಚೆಂಡಾಡುವುದರಲ್ಲಿ ಅವನಿಗಿದ್ದ ನೈಪುಣ್ಯವನ್ನು ವಿಸ್ತಾರವಾಗಿ ಕೊಂಡಾಡುತ್ತದೆ. ಆಟವನ್ನು ಇಷ್ಟು ಗೌರವದಿಂದ ಕಂಡ ನಾಡಿನಲ್ಲಿ, ಕಾಲು ಸೊಟ್ಟಗಾದ, ಕಣ್ಣು ಕಾಣದ, ಕಿವಿ ಕೇಳದ ಮಕ್ಕಳು ಏನನ್ನು ಆಡುತ್ತಿದ್ದರೆಂದು ಹುಡುಕಹೊರಟರೆ, ಅರಸರನ್ನೂ ವೀರರನ್ನೂ ಬಣ್ಣಿಸುವ ಕಲ್ಲುಗಳಲ್ಲಿ ಉತ್ತರವು ದೊರೆಯುವುದಿಲ್ಲ.

ಆದರೆ ದೇಹಗಳ ಅಸಮಾನತೆಯನ್ನು ನಿಯಮದಿಂದ ಸರಿದೂಗಿಸುವ ಬುದ್ಧಿಯು ನಮ್ಮ ಜನಕ್ಕೆ ಹೊಸದೇನಲ್ಲ. ಹಳೆಯ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಕುಸ್ತಿಗೆ ಮುನ್ನ ಜೋಡಿ ಕಟ್ಟುವ ಸಂಪ್ರದಾಯವುಂಟು. ಮೈಸೂರು ದಸರೆಯ ಕುಸ್ತಿಗೆ ಇಂದಿಗೂ ಅದು ನಡೆಯುತ್ತದೆ. ಹಿರಿಯ ಉಸ್ತಾದರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ತೂಕ, ವಯಸ್ಸು, ಪಳಗಿದ ಪಟ್ಟು ಇವೆಲ್ಲವನ್ನೂ ನೋಡಿ, ಇವನಿಗೆ ಇವನು ಸಮ ಎಂದು ನಿರ್ಣಯಿಸಿದ ಮೇಲೆಯೇ ಕೈ ಕೂಡಿಸುವರು. ಸಣಕಲನನ್ನು ದೈತ್ಯನೆದುರು ನಿಲ್ಲಿಸಿ ಗೆದ್ದವನಿಗೆ ಪೇಟ ಸುತ್ತಿದರೆ ಅಖಾಡದ ಮರ್ಯಾದೆ ಹೋಯಿತೆಂದೇ ಪ್ರೇಕ್ಷಕರು ತಿಳಿಯುವರು. ಗರಡಿಯು ಅರಿತಿದ್ದ ಈ ನ್ಯಾಯವನ್ನು ನಮ್ಮ ಶಾಲೆಗಳು ಬಹುಕಾಲ ಅರಿಯದೆ ಹೋದುವು. ಡ್ರಿಲ್ ಮೇಷ್ಟ್ರು ಸೀಟಿ ಊದಿದೊಡನೆ ತರಗತಿಯೆಲ್ಲ ಬಯಲಿಗೆ ಓಡಿದಾಗ, ಪೋಲಿಯೋದಿಂದ ಕಾಲು ಕುಗ್ಗಿದ ಹುಡುಗನಿಗೆ ಉಳಿಯುತ್ತಿದ್ದುದು ಉಳಿದವರ ಚೀಲ ಕಾಯುವ ಕೆಲಸ, ಹೆಚ್ಚೆಂದರೆ ಕಬಡ್ಡಿಯ ಅಂಕ ಬರೆಯುವ ಕೆಲಸ. ಅದನ್ನು ಯಾರೂ ಕ್ರೌರ್ಯವೆಂದು ಬಗೆಯಲಿಲ್ಲ, ಕನಿಕರವೆಂದೇ ಬಗೆದರು.

ಜಗತ್ತು ಈ ಕನಿಕರದಿಂದ ಹೊರಬರಲು ಒಂದು ಮಹಾಯುದ್ಧವೇ ಬೇಕಾಯಿತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಬೆನ್ನುಹುರಿಗೆ ಪೆಟ್ಟುಬಿದ್ದ ಯೋಧರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಲುಡ್ವಿಗ್ ಗುಟ್‌ಮನ್ನನು, 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯ ಮೇಲಿನ 16 ಮಂದಿಗೆ ಬಿಲ್ಲುಗಾರಿಕೆಯ ಪಂದ್ಯವನ್ನು ಏರ್ಪಡಿಸಿದನು. ಅದು ಬೆಳೆದು 1960ರಲ್ಲಿ ರೋಮಿನ ಪ್ಯಾರಾಲಿಂಪಿಕ್ಸ್ ಆಯಿತು. 1972ರಲ್ಲಿ ಹೈಡೆಲ್‌ಬರ್ಗಿನಲ್ಲಿ ಮುರಳಿಕಾಂತ ಪೇಟ್ಕರ್ ಅವರು ಈಜಿನಲ್ಲಿ ಭಾರತಕ್ಕೆ ಮೊದಲ ಚಿನ್ನವನ್ನು ತಂದರು. ನಮ್ಮ ನಾಡಿನಿಂದ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯಲ್ಲಿಯೇ ದೇಶದೇಶಗಳ ಕ್ರೀಡಾಂಗಣಗಳಲ್ಲಿ ಸ್ಪರ್ಧಿಸಿ, 1995ರಲ್ಲಿ ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು.

ಹಾಸನ ಜಿಲ್ಲೆಯ ಪಾಲು ಇದರಲ್ಲಿ ಸಣ್ಣದಲ್ಲ. ಅರಕಲಗೂಡು ತಾಲ್ಲೂಕಿನ ಹೊಸನಗರವೆಂಬ ಹಳ್ಳಿಯಲ್ಲಿ 1988ರ ಜನವರಿ 26ರಂದು, ಎಡಗಾಲಿನ ಊನದೊಡನೆ, ರೈತಾಪಿ ಸೀಮೆಯ ಮಗುವೊಂದು ಹುಟ್ಟಿತು. ಎಚ್. ಎನ್. ಗಿರೀಶ ಎಂಬ ಈ ಹುಡುಗನು ಚೀಲ ಕಾಯುತ್ತ ಕೂರಲಿಲ್ಲ. ಉಳಿದ ಹುಡುಗರೊಡನೆಯೇ ಹೈಜಂಪಿನ ಪಟ್ಟಿಗೆ ಓಡಿ, ಅವರ ಕೋಲನ್ನೇ ಹಾರಿ ಬೆಳೆದನು. 2012ರ ಸೆಪ್ಟೆಂಬರ್ 3ರಂದು ಲಂಡನ್ನಿನ ಪ್ಯಾರಾಲಿಂಪಿಕ್ಸ್‌ನಲ್ಲಿ, ಕಾಲಿನ ಊನವುಳ್ಳವರಿಗಾಗಿ ಏರ್ಪಟ್ಟ ಎಫ್42 ವರ್ಗದ ಎತ್ತರ ಜಿಗಿತದಲ್ಲಿ, ಆತನು 1.74 ಮೀಟರ್ ಹಾರಿದನು. ಫಿಜಿ ದ್ವೀಪದ ಇಲಿಯೇಸಾ ದೆಲಾನಾ ಹಾರಿದುದೂ ಅಷ್ಟೇ, ಪೋಲೆಂಡಿನ ಲುಕಾಷ್ ಮಾಮ್‌ಚಾರ್ಜ್ ಹಾರಿದುದೂ ಅಷ್ಟೇ. ಕೋಲು ಬೀಳಿಸಿದ ಯತ್ನಗಳನ್ನು ಎಣಿಸಿ ಫಿಜಿಗೆ ಚಿನ್ನ, ನಮ್ಮವನಿಗೆ ಬೆಳ್ಳಿ, ಪೋಲೆಂಡಿಗೆ ಕಂಚು ಎಂದು ಹಂಚಬೇಕಾಯಿತು. ಬಾಲ್ಯದಲ್ಲಿ ಅಪಘಾತದಲ್ಲಿ ಕಾಲು ಕಳೆದುಕೊಂಡ ದೆಲಾನಾ ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಬಂದು ಹಾರಿದನು. ಗಿರೀಶನು ಓಡಿಬಂದು ಕತ್ತರಿಯಂತೆ ಕಾಲು ಚಾಚಿ ಹಾರಿದನು. ಮೂರು ಭಿನ್ನ ದೇಹಗಳು ಒಂದೇ ಅಳತೆಯನ್ನು ಮುಟ್ಟಿದ ಆ ಪಂದ್ಯಕ್ಕಿಂತ ಚೆನ್ನಾಗಿ ಕಟ್ಟಿದ ಜೋಡಿಯನ್ನು ಯಾವ ಉಸ್ತಾದನು ತೋರಿಸಬಲ್ಲನು! ಆ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ದೊರೆತ ಪದಕ ಅದೊಂದೇ. ಮರುವರ್ಷ ಗಿರೀಶ ಅವರಿಗೆ ಪದ್ಮಶ್ರೀ ಬಂದಿತು.

ಹಾಸನದಲ್ಲಿಯೇ 1983ರಲ್ಲಿ ಜನಿಸಿದ ಸುಹಾಸ್ ಎಲ್. ಯತಿರಾಜ್ ಅವರು, ಹುಟ್ಟಿನಿಂದ ಬಂದ ಪಾದದ ಊನವಿದ್ದರೂ, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಉತ್ತರ ಪ್ರದೇಶದಲ್ಲಿ ಜಿಲ್ಲಾಧಿಕಾರಿಯಾಗಿದ್ದುಕೊಂಡೇ, 2021ರಲ್ಲಿ ಟೋಕಿಯೋದಲ್ಲಿ ಬ್ಯಾಡ್ಮಿಂಟನ್ನಿನ ಬೆಳ್ಳಿಯನ್ನು ಗೆದ್ದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೊಮ್ಮೆ ಬೆಳ್ಳಿ. ಒಂದು ಜಿಲ್ಲೆಯ ಮಣ್ಣಿನಿಂದ ಇಂಥ ಇಬ್ಬರು ಬಂದುದನ್ನು ದೈವಕೃಪೆಯೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಚೀಲ ಕಾಯುತ್ತಲೇ ಶಾಲೆ ಮುಗಿಸಿದ ಮಕ್ಕಳಲ್ಲಿ ಇವರಂಥವರು ಎಷ್ಟು ಮಂದಿ ಇದ್ದರೋ ಎಂದು ನೆನೆದರೆ ಮನಸ್ಸು ವ್ಯಾಕುಲಗೊಳ್ಳುತ್ತದೆ.

ಸೇರಿಸಿಕೊಳ್ಳುವುದೆಂದರೆ ಆಟವನ್ನು ನೀರಸಗೊಳಿಸುವುದೆಂಬ ಆಕ್ಷೇಪವನ್ನು ಕೇಳಿದ್ದೇನೆ. ಅಂಧರ ಕ್ರಿಕೆಟ್ಟನ್ನು ನೋಡಿದವರು ಹಾಗೆ ಹೇಳಲಾರರು. ಅಲ್ಲಿ ಚೆಂಡಿನೊಳಗೆ ಸದ್ದು ಮಾಡುವ ಗುಂಡುಗಳಿರುತ್ತವೆ. ತಂಡದ ಹನ್ನೊಂದು ಮಂದಿಯಲ್ಲಿ ನಾಲ್ವರಾದರೂ ಪೂರ್ಣ ಅಂಧರಿರಬೇಕು. ಪೂರ್ಣ ಅಂಧನು ಹೊಡೆದ ಒಂದೊಂದು ರನ್ನೂ ಎರಡೆಂದು ಲೆಕ್ಕ. ಈ ನಿಯಮಗಳಿಂದಲೇ ಎಲ್ಲರೂ ತಂಡಕ್ಕೆ ಬೇಕಾದವರಾಗುವರು. 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಟಿ-20 ವಿಶ್ವಕಪ್ಪನ್ನು, ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರ ನಾಯಕತ್ವದಲ್ಲಿ ಭಾರತವು ಗೆದ್ದಿತು.

ಅಂಗವಿಕಲರ ಹಕ್ಕುಗಳನ್ನು ಕುರಿತು 2016ರಲ್ಲಿ ಆದ ಕಾಯಿದೆಯ 16ನೆಯ ಪ್ರಕರಣವು, ವಿದ್ಯಾಸಂಸ್ಥೆಗಳು ಇಂಥ ಮಕ್ಕಳಿಗೆ ಓದಿನ ಜೊತೆಗೆ ಆಟಪಾಟಗಳ ಅವಕಾಶವನ್ನೂ ಉಳಿದವರಿಗೆ ಸಮನಾಗಿ ಒದಗಿಸಬೇಕೆಂದು ಸ್ಪಷ್ಟವಾಗಿ ವಿಧಿಸುತ್ತದೆ. ಕಾಯಿದೆಯು ಬಯಲಿಗಿಳಿಯಬೇಕಾದುದು ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ. ದೊಡ್ಡಬೆಟ್ಟದ ಮೆಟ್ಟಿಲುಗಳನ್ನು ಹತ್ತಲಾರದ ಮುದುಕರನ್ನೂ ಕಾಲಿಲ್ಲದವರನ್ನೂ ಡೋಲಿಯಲ್ಲಿ ಕುಳ್ಳಿರಿಸಿ ಹೊತ್ತೊಯ್ಯುವ ಪದ್ಧತಿ ಬೆಳಗೊಳದಲ್ಲಿದೆ. ಮೆಟ್ಟಿಲು ಹತ್ತಲಾರದವನಿಗೆ ದರ್ಶನದ ಅಧಿಕಾರವಿಲ್ಲವೆಂದು ಅಲ್ಲಿ ಯಾರೂ ಹೇಳರು. ಆಟದ ಬಯಲಿಗೂ ಅದೇ ಮರ್ಯಾದೆ ಸಲ್ಲಬೇಕು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನ ತಾಲ್ಲೂಕುಗಳ ದೈಹಿಕ ಶಿಕ್ಷಕರಲ್ಲಿ ನನ್ನ ವಿನಂತಿಯಿಷ್ಟೆ: ಬರುವ ಕ್ರೀಡಾಕೂಟಕ್ಕೆ ಹೆಸರು ಬರೆದುಕೊಳ್ಳುವಾಗ ಮೊದಲು ನೆರಳಿನಲ್ಲಿ ಕುಳಿತಿರುವ ಮಗುವಿನ ಬಳಿಗೆ ಹೋಗಿ, ಏನನ್ನು ಆಡುವೆಯೆಂದು ಕೇಳಿರಿ, ಆಮೇಲೆ ಅದಕ್ಕೆ ತಕ್ಕ ಜೋಡಿಯನ್ನು ಕಟ್ಟಿರಿ.