ಸೇಡಿನ ಆಟವೂ ಸಭಿಕರ ತೀರ್ಪೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವ ಮುನ್ನ ಧಾರವಾಡ ಜಿಲ್ಲೆಯ ದಕ್ಷಿಣಾಂಚಲವಾಗಿದ್ದವು. ಮಲೆನಾಡಿನ ಸೆರಗೂ ಬಯಲುಸೀಮೆಯ ಎರೆಹೊಲವೂ ಸಂಧಿಸುವ ಈ ನೆಲದಲ್ಲಿ ಸುಗ್ಗಿ ತೀರಿ ಕಣ ಬರಿದಾದ ಮೇಲೆ ಅಟ್ಟ ಕಟ್ಟಿ ಆಟವಾಡಿಸುವ ಸಂಪ್ರದಾಯವು ತಲೆಮಾರುಗಳಿಂದ ನಡೆದುಬಂದಿರುವುದು. ಆ ಆಟಗಳನ್ನು ರಚಿಸಿದ ಕವಿಗಳ ಚರಿತ್ರೆಯನ್ನೂ ಅಭಿನಯಿಸಿದ ನಟರ ಚರಿತ್ರೆಯನ್ನೂ ನಮ್ಮ ವಿದ್ವಾಂಸರು ತಕ್ಕಮಟ್ಟಿಗೆ ಬರೆದಿರುವರು. ಆದರೆ ಬೆಳಗಿನವರೆಗೆ ಕಂಬಳಿ ಹೊದ್ದು ಕುಳಿತು ನೋಡಿದ ಜನರ ಅಭಿಪ್ರಾಯಕ್ಕೂ ಒಂದು ಚರಿತ್ರೆಯುಂಟೆಂಬುದನ್ನು, ಅದರಲ್ಲಿಯೂ ಪಂಡಿತರು ಗ್ರಾಮ್ಯವೆಂದು ಬದಿಗೊತ್ತಿದ ಹಾಸ್ಯವನ್ನು ಕುರಿತು ಆ ಜನ ಕೊಟ್ಟ ತೀರ್ಪಿಗೆ ಬೆಲೆಯುಂಟೆಂಬುದನ್ನು, ನಾವು ಅಷ್ಟಾಗಿ ಗಮನಿಸಿಲ್ಲ.

ಸಭಿಕರ ಅಭಿಪ್ರಾಯವನ್ನು ಶಾಸ್ತ್ರದ ವಿಷಯವನ್ನಾಗಿ ಮಾಡಿದವನು ಭರತಮುನಿ. ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಯಾಗಿ ವಿಂಗಡಿಸಿ, ಕಣ್ಣಲ್ಲಿ ನೀರು ಬರುವಂತೆ ಪಕ್ಕೆ ಹಿಡಿದು ನಗುವ ಕಡೆಯ ಎರಡನ್ನು ಅಧಮಪ್ರಕೃತಿಯವರಿಗೆ ಬಿಟ್ಟುಕೊಟ್ಟ ಅದೇ ಮುನಿಯು, ನಾಟ್ಯದ ಸಿದ್ಧಿಯನ್ನು ಹೇಳುವಾಗ ಪ್ರೇಕ್ಷಕರ ಅತಿಹಾಸವನ್ನೂ, ಸಾಧುಕಾರವನ್ನೂ, ಎದ್ದು ನಿಲ್ಲುವುದನ್ನೂ, ನಟನಿಗೆ ಬಟ್ಟೆಯನ್ನು ದಾನಮಾಡುವುದನ್ನೂ ಮಾನುಷೀ ಸಿದ್ಧಿಯ ಲಕ್ಷಣಗಳಾಗಿ ಎಣಿಸಿರುವನು. ನಮ್ಮ ಕಡೆ ಆಟದ ನಡುವೆ ಮೆಚ್ಚಿದವರು ಪಾತ್ರಧಾರಿಗೆ ಆಯೇರಿ ಮಾಡುವುದು, ಕೊಟ್ಟವರ ಹೆಸರನ್ನು ಅಟ್ಟದ ಮೇಲಿಂದ ಕೂಗಿ ಹೇಳುವುದು, ಹಿಡಿಸಿದ ಪದವನ್ನು ‘ವನ್ಸ್ ಮೋರ್’ ಎಂದು ಮರಳಿ ಹಾಡಿಸುವುದು, ಇವೆಲ್ಲವೂ ಆ ಸಿದ್ಧಿಯ ದೇಶೀಯ ರೂಪಗಳೇ ಆಗಿವೆ.

ಸಭಿಕರ ಇಂತಹ ತೀರ್ಪು ಎದ್ದು ಕಾಣುವುದು ಸೇಡಿನ ಆಟಗಳಲ್ಲಿ. ಸೇಡಿನ ಕಥೆ ಈ ಸೀಮೆಯವರಿಗೆ ಹೊಸತಲ್ಲ. ಶಾಸನಗಳಲ್ಲಿ ಪಾನುಂಗಲ್ಲೆಂದು ಕರೆಯಿಸಿಕೊಂಡು, ಕದಂಬರ ರಾಜಧಾನಿಯಾಗಿ, ತಾರಕೇಶ್ವರ ದೇವಾಲಯದಿಂದ ಪ್ರಖ್ಯಾತವಾದ ಹಾನಗಲ್ಲಿಗೆ ವಿರಾಟನಗರವೆಂಬ ಹೆಸರೂ ಪರಂಪರೆಯಿಂದ ಬಂದಿರುವುದು. ಆದುದರಿಂದ ದೊಡ್ಡಾಟದಲ್ಲಿ ಕೀಚಕವಧೆಯ ಪ್ರಸಂಗವನ್ನು ನೋಡುವಾಗ ಇಲ್ಲಿನ ಸಭಿಕನಿಗೆ ಅದು ಪರದೇಶದ ವೃತ್ತಾಂತವೆನಿಸದೆ ತನ್ನ ಊರಿನ ಹಳೆಯ ವ್ಯಾಜ್ಯವೆಂದೇ ತೋರುವುದು ಸಹಜ. ಸೈರಂಧ್ರಿಯ ಮೊರೆಯನ್ನು ಕೇಳಿ, ಅಡಿಗೆಯವನ ವೇಷದಲ್ಲಿದ್ದ ಭೀಮನು ಹೆಣ್ಣುಡಿಗೆಯನ್ನುಟ್ಟು, ಕತ್ತಲೆ ಕವಿದ ನರ್ತನಶಾಲೆಯಲ್ಲಿ ಕೀಚಕನಿಗಾಗಿ ಕಾದು ಕುಳಿತಾಗ ಏಳುವ ನಗೆ ಶಾಸ್ತ್ರದ ಅಳತೆಯಲ್ಲಿ ಅತಿಹಸಿತವೇ ಸರಿ. ಆದರೆ ಅಧಿಕಾರದ ಮದದಿಂದ ದಾಸಿಯ ಸೆರಗಿಗೆ ಕೈಯಿಕ್ಕಿದವನಿಗೆ ಮರಣಕ್ಕೆ ಮೊದಲು ವಿಧಿಸಬೇಕಾದ ಮಾನಭಂಗವನ್ನು ಆ ನಗೆಯಿಂದಲೇ ಸಭೆಯು ವಿಧಿಸಿಬಿಡುವುದು. ಅಲ್ಲಿ ಭೀಮನು ಪರರ ಸೇಡನ್ನು ತಾನು ತೀರಿಸುವವನಾದರೂ ಅದಕ್ಕೆ ಕೂಲಿ ಪಡೆಯುವವನಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಬೆಳಗಾವಿ ಸೀಮೆಯಲ್ಲಿ ಹುಟ್ಟಿ ಉತ್ತರ ಕರ್ನಾಟಕದಲ್ಲೆಲ್ಲ ಮನೆಮಾತಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ. ಬೈಲಹೊಂಗಲದ ಕಡೆ 19ನೆಯ ಶತಮಾನದಲ್ಲಿ ನಡೆಯಿತೆನ್ನಲಾದ ಕೊಲೆಯೊಂದನ್ನು ಆಧರಿಸಿದ ಆ ಆಟದಲ್ಲಿ ಪರಸ್ತ್ರೀಯಾದ ಗಂಗಿಯಲ್ಲಿ ಮನಸ್ಸಿಟ್ಟ ಸಂಗ್ಯಾನನ್ನು ಅವಳ ಗಂಡ ಈರ್ಯಾನ ಕಡೆಯವರಿಗೆ ಒಪ್ಪಿಸಿಕೊಡುವವನು, ಹಣದಾಸೆಗೆ ಮನಸೋತ ಪ್ರಾಣಸ್ನೇಹಿತ ಬಾಳ್ಯಾನೇ. ಸಂಧಾನ ನಡೆಸುವ ಮುದುಕಿಯ ಚೇಷ್ಟೆಗೆ, ಗೆಳೆಯರ ಪೋಲಿಮಾತಿಗೆ, ಹೆಣ್ಣುವೇಷದ ಗಂಡಸಿನ ಒಯ್ಯಾರಕ್ಕೆ ಬಿದ್ದು ಬಿದ್ದು ನಕ್ಕ ಜನ, ಬಾಳ್ಯಾ ಹಣಕ್ಕೆ ಕೈಯೊಡ್ಡಿದೊಡನೆ ಆ ನಗೆಯನ್ನು ಹಿಂತೆಗೆದುಕೊಳ್ಳುವರು. ವ್ಯಭಿಚಾರವನ್ನು ಒಪ್ಪದ ಈ ಸಭೆಯು ತಪ್ಪುಗಾರನಾದ ಸಂಗ್ಯಾನ ಸಾವಿಗೆ ಮರುಗುವುದಾದರೂ, ಗೆಳೆತನವನ್ನು ಮಾರಿಕೊಂಡವನನ್ನು ಮಾತ್ರ ಕ್ಷಮಿಸಲೊಲ್ಲದು. ಗ್ರಾಮ್ಯವೆನ್ನಲಾದ ಒಂದು ಆಟದ ಎದುರಿಗೆ ಕುಳಿತು ನಿರಕ್ಷರಿಗಳು ಮಾಡಿದ ಈ ವಿವೇಚನೆಗಿಂತ ಸೂಕ್ಷ್ಮವಾದ ವಿಮರ್ಶೆಯನ್ನು ಸಾಕ್ಷರರು ಮಾಡಿರುವುದು ವಿರಳ.

ಮೇಲು ಕೀಳುಗಳ ಈ ವಾದವನ್ನು ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರು ಬಹು ಹಿಂದೆಯೇ ಎತ್ತಿದ್ದರು. ಅವರ ‘ರಾಮಧಾನ್ಯಚರಿತೆ’ಯಲ್ಲಿ ಉಳ್ಳವರ ಅನ್ನವಾದ ನೆಲ್ಲೂ ಬಡವರ ಹಿಟ್ಟಾದ ರಾಗಿಯೂ ತುಂಬಿದ ಸಭೆಯಲ್ಲಿ ಒಂದನ್ನೊಂದು ಹಳಿದು ಜಗಳವಾಡಿದಾಗ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕಾಲವನ್ನೇ ಸಾಕ್ಷಿಯನ್ನಾಗಿ ಮಾಡಿ ತೀರ್ಪು ಕೊಡುವನು, ಸತ್ವಗೆಡದೆ ಉಳಿದುದು ರಾಗಿ. ಹಾಸ್ಯಕ್ಕೂ ಇದೇ ನ್ಯಾಯವು ಸಲ್ಲತಕ್ಕುದು. ತಮ್ಮವನೆಂದು ಹಿರೇಕೆರೂರು ಸೀಮೆಯ ಅಬಲೂರು ಮಾಸೂರುಗಳು ಅಭಿಮಾನಪಡುವ ಸರ್ವಜ್ಞನ ಮಾತಿನಲ್ಲಿ ನಯವಿಲ್ಲದ ಬೈಗುಳೂ ಉಂಟು, ಹಸಿಯಾದ ಹಾಸ್ಯವೂ ಉಂಟು. ಆದರೂ ಜನ ಅವನನ್ನು ನಾಲಗೆಯ ಮೇಲೆ ಉಳಿಸಿಕೊಂಡರು. ಇದೇ ಸೀಮೆಯಲ್ಲಿ, 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ ಕನ್ನಡವೂ ದಖನಿ ಉರ್ದುವೂ ಒಂದೇ ಪೇಟೆಯಲ್ಲಿ ಕೂಡಿ ಬಾಳಿದುವು. ಶಿಶುನಾಳದ ಶರೀಫರ ಪದಗಳನ್ನು ಕೇಳಿ ನಗುತ್ತಲೇ ತಲೆದೂಗುವ ಅಭ್ಯಾಸವು ಈ ಜನಕ್ಕೆ ಅಂತಹ ಸಹವಾಸದಿಂದಲೇ ಸಿದ್ಧಿಸಿತು.

20ನೆಯ ಶತಮಾನದಲ್ಲಿ ಕಂಪನಿ ನಾಟಕಗಳು ಬಂದು, ಗದುಗಿನ ಗರುಡ ಸದಾಶಿವರಾಯರಂತಹ ನಟಶ್ರೇಷ್ಠರು ಜನಮನವನ್ನು ಸೂರೆಗೊಂಡ ಮೇಲೆ, ಹಳ್ಳಿಯ ತರುಣರೂ ಅಚ್ಚಾದ ಸಾಮಾಜಿಕ ನಾಟಕಗಳನ್ನು ತಂದು ಜಾತ್ರೆಗಳಲ್ಲಿ ಆಡತೊಡಗಿದರು. ಶೀರ್ಷಿಕೆಯ ಕೆಳಗೆ ‘ಅರ್ಥಾತ್’ ಎಂದು ಎರಡನೆಯ ಹೆಸರನ್ನು ಹೊತ್ತ ಆ ಕೃತಿಗಳಲ್ಲಿ ದರ್ಪದ ಗೌಡ, ಅವನ ಕೂಲಿಗೆ ಕತ್ತಿಯೆತ್ತುವ ಬಂಟ, ನಡುನಡುವೆ ಹಾಸ್ಯದ ಜೋಡಿ, ಕಡೆಯಲ್ಲಿ ಸೇಡು, ಇವು ತಪ್ಪದೆ ಬರುವುವು. ದ್ವಂದ್ವಾರ್ಥದ ಮಾತು ಬಲಿಯುತ್ತ ಹೋದಂತೆ ಸಭಿಕರಲ್ಲಿ ಭೇದವುಂಟಾಯಿತು: ಮುಂದಿನವರು ಸೀಟಿ ಹೊಡೆದರು, ಹಿಂದೆ ಕುಳಿತ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕರು, ಕೆಲವರು ಎದ್ದುಹೋದರು. ಈ ಭೇದವೂ ಒಂದು ಬಗೆಯ ವಿಮರ್ಶೆಯೇ. ಸೊಕ್ಕಿದವನನ್ನು ಕೆಡಹುವ ಪೋಲಿತನವನ್ನು ಜನ ಸಹಿಸಿದರು. ಹೊಟ್ಟೆಪಾಡಿಗಾಗಿ ಬಣ್ಣ ಹಚ್ಚಿ ಬಂದ ನಟಿಯನ್ನು ನೋಯಿಸುವ ಪೋಲಿತನವು ಹಾಸ್ಯವೆಂಬ ಹೆಸರಿಗೆ ಅರ್ಹವಲ್ಲ, ಅದಕ್ಕೆ ನಕ್ಕವರೂ ಆ ಪಾಪದಲ್ಲಿ ಪಾಲುದಾರರು ಎಂಬುದು ನನ್ನ ದೃಢವಾದ ನಂಬುಗೆ.

ಇಂದು ಶಿಗ್ಗಾಂವಿಯ ಬಳಿಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ; ಅದೇ ಊರಿನ ಶಿಲ್ಪವನವನ್ನು ನಿರ್ಮಿಸಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ದೊಡ್ಡಾಟದ ಪುನರುಜ್ಜೀವನಕ್ಕೂ ದುಡಿದರು. ಆಟದ ಹಾಡು, ವೇಷ, ಹಸ್ತಪ್ರತಿಗಳು ಸಂಗ್ರಹವಾಗುವಂತೆಯೇ ನೋಡಿದವರ ಮಾತೂ ಸಂಗ್ರಹವಾಗಬೇಕು. ಯಾವ ಮಾತಿಗೆ ನಕ್ಕಿರಿ, ಯಾರಿಗೆ ಆಯೇರಿ ಮಾಡಿದಿರಿ, ಯಾವಾಗ ಎದ್ದುಹೋದಿರಿ ಎಂದು ಊರೂರಿನ ಹಿರಿಯರನ್ನು ಕೇಳಿ ಬರೆದಿಡುವ ಕೆಲಸಕ್ಕೆ ದೊಡ್ಡ ಧನವೇನೂ ಬೇಕಾಗಿಲ್ಲ. ಆಯಾ ಊರಿನ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಸಾಕು. ಆ ಹಿರಿಯರು ನಮ್ಮೊಡನೆ ಇರುವಾಗಲೇ ಈ ಕೆಲಸವನ್ನು ವಿದ್ಯಾರ್ಥಿಗಳು ಕೈಗೊಳ್ಳಲಿ.