ನೆರೆಯವರು ಓಟು ಹಾಕುವುದಿಲ್ಲ ಎಂಬ ಭಯ: 1960ರ ವೆಸ್ಟ್ ವರ್ಜೀನಿಯ ನಮಗೆ ಹೇಳುವುದೇನು?



ಚುನಾವಣೆ ಹತ್ತಿರ ಬಂದಾಗ ಭಾನುವಾರದ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತು ಮಾತನಾಡುವಾಗ ನಾವು ಒಂದು ಮಾತನ್ನು ಕೇಳಿಯೇ ಇರುತ್ತೇವೆ. "ಅವರು ಒಳ್ಳೆಯವರೇ, ಕೆಲಸ ಮಾಡುವವರೇ. ಆದರೆ ನಮ್ಮವರಿಗೆ ಬೇರೆಯವರು ಓಟು ಹಾಕಬೇಕಲ್ಲ?" ಇದನ್ನು ಹೇಳುವವರ ಮನಸ್ಸಿನಲ್ಲಿ ಯಾರ ಮೇಲೂ ದ್ವೇಷವಿಲ್ಲ. ಅವರು ಲೆಕ್ಕ ಹಾಕುತ್ತಿದ್ದಾರೆ, ಅಷ್ಟೇ. ತಮ್ಮ ಓಟು ವ್ಯರ್ಥವಾಗಬಾರದು ಎಂಬುದು ಅವರ ಚಿಂತೆ.

ಇದೇ ಲೆಕ್ಕವನ್ನು ಒಂದು ದೊಡ್ಡ ದೇಶವೇ ಹಾಕಿದ ಕಾಲವೊಂದಿತ್ತು. ಅಮೆರಿಕದಲ್ಲಿ 1960ರ ಅಧ್ಯಕ್ಷೀಯ ಚುನಾವಣೆಗೆ ಮೊದಲು ನಡೆದ ಪ್ರೈಮರಿಗಳ ಕಥೆ ಅದು. ಅದರ ನಾಯಕ ಜಾನ್ ಎಫ್. ಕೆನಡಿ ಎಂಬುದು ನಮಗೆಲ್ಲ ಗೊತ್ತು. ಆದರೆ ಈ ಕಥೆಯಲ್ಲಿ ನಾವು ಗಮನಿಸಬೇಕಾದವರು ಕೆನಡಿಗಿಂತ ಹೆಚ್ಚಾಗಿ ಮತದಾರರು.

ಪ್ರೈಮರಿ ಎಂದರೇನು?

ಅಮೆರಿಕದಲ್ಲಿ ಒಂದು ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ಆ ಪಕ್ಷದ ರಾಷ್ಟ್ರೀಯ ಸಮಾವೇಶ ತೀರ್ಮಾನಿಸುತ್ತದೆ. ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳ ವಿಷಯದಲ್ಲಿ ಸಾಮಾನ್ಯ ಮತದಾರರೂ ಮಾತನಾಡುವ ಚುನಾವಣೆಯೇ ಪ್ರೈಮರಿ. ಇಂದು ಬಹುತೇಕ ಎಲ್ಲ ರಾಜ್ಯಗಳಲ್ಲೂ ಪ್ರೈಮರಿ ನಡೆಯುತ್ತದೆ. 1960ರಲ್ಲಿ ಹಾಗಿರಲಿಲ್ಲ. ಕೆಲವೇ ರಾಜ್ಯಗಳಲ್ಲಿ ಅದು ನಡೆಯುತ್ತಿತ್ತು. ಹೆಚ್ಚಿನ ಪ್ರತಿನಿಧಿಗಳು ರಾಜ್ಯಗಳ ಪಕ್ಷದ ಮುಖಂಡರ ಕೈಯಲ್ಲಿದ್ದರು. ಹಾಗಾದರೆ ಪ್ರೈಮರಿ ಏಕೆ ಬೇಕಿತ್ತು? ಆ ಮುಖಂಡರ ಮುಂದೆ "ನೋಡಿ, ನಾನು ಗೆಲ್ಲಬಲ್ಲೆ" ಎಂದು ತೋರಿಸಲು.

ಕೆನಡಿ ಅದನ್ನೇ ತೋರಿಸಬೇಕಾಗಿತ್ತು. ಅವರು ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟರ್, ವಯಸ್ಸು 42, ಹಣವಂತ ಮನೆತನದವರು, ಯುದ್ಧದಲ್ಲಿ ಹೆಸರು ಮಾಡಿದವರು. ಆದರೆ ಅವರು ಕಥೋಲಿಕರು. ಅಲ್ಲಿಯವರೆಗೆ ಅಮೆರಿಕದಲ್ಲಿ ಒಬ್ಬ ಕಥೋಲಿಕರೂ ಅಧ್ಯಕ್ಷರಾಗಿರಲಿಲ್ಲ.

1928ರ ನೆನಪು

ಅಮೆರಿಕದ ಸಂವಿಧಾನದ 6ನೆಯ ವಿಧಿ ಯಾವ ಸಾರ್ವಜನಿಕ ಹುದ್ದೆಗೂ ಧರ್ಮದ ಪರೀಕ್ಷೆ ಇರಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಸಂವಿಧಾನ ಸರಕಾರದ ಕೈ ಕಟ್ಟಬಹುದು, ಮತದಾರನ ಮನಸ್ಸನ್ನು ಕಟ್ಟಲಾರದು.

1928ರಲ್ಲಿ ನ್ಯೂಯಾರ್ಕ್ ಗವರ್ನರ್ ಆಲ್ ಸ್ಮಿತ್ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ದೊಡ್ಡ ಪಕ್ಷವೊಂದು ಅಧ್ಯಕ್ಷ ಪದವಿಗೆ ನಿಲ್ಲಿಸಿದ ಮೊದಲ ಕಥೋಲಿಕರು ಅವರೇ. ಅದಕ್ಕೆ ಹಿಂದಿನ ವರ್ಷವೇ ಒಬ್ಬ ವಕೀಲರು ಪತ್ರಿಕೆಯೊಂದರಲ್ಲಿ ಬಹಿರಂಗ ಪತ್ರ ಬರೆದು, ಪೋಪರಿಗೆ ನಿಷ್ಠರಾದವರು ಸಂವಿಧಾನಕ್ಕೂ ನಿಷ್ಠರಾಗಿರಲು ಸಾಧ್ಯವೇ ಎಂದು ಪ್ರಶ್ನಿಸಿದ್ದರು. ಸ್ಮಿತ್ ಅದಕ್ಕೆ ಉತ್ತರ ಬರೆದರು. ಆದರೂ ಗಾಳಿಮಾತು ನಿಲ್ಲಲಿಲ್ಲ. ಸ್ಮಿತ್ ಗೆದ್ದರೆ ಪೋಪರೇ ಅಮೆರಿಕವನ್ನು ಆಳುತ್ತಾರೆ ಎಂದು ಕರಪತ್ರಗಳು ಹಂಚಿಕೆಯಾದವು. ಕು ಕ್ಲಕ್ಸ್ ಕ್ಲಾನ್ ಸಂಘಟನೆಯವರು ಅವರನ್ನು ವಿರೋಧಿಸಿ ಶಿಲುಬೆಗಳಿಗೆ ಬೆಂಕಿ ಹಚ್ಚಿದರು.

ಹರ್ಬರ್ಟ್ ಹೂವರ್ 48 ರಾಜ್ಯಗಳಲ್ಲಿ 40 ಗೆದ್ದರು. ಸದಾ ಡೆಮಾಕ್ರಟರ ಜೊತೆಗಿದ್ದ ಟೆಕ್ಸಾಸ್, ವರ್ಜೀನಿಯ, ಫ್ಲೋರಿಡಗಳೂ ಸ್ಮಿತ್ ಕೈಬಿಟ್ಟವು. ದೇಶ ಆಗ ಸುಭಿಕ್ಷವಾಗಿತ್ತು, ಜೊತೆಗೆ ಸ್ಮಿತ್ ಪಾನನಿರೋಧಕ್ಕೆ ವಿರೋಧವಾಗಿದ್ದರು. ಸೋಲಿಗೆ ಈ ಕಾರಣಗಳೂ ಇದ್ದವು. ಆದರೆ ಪಕ್ಷದ ಮುಖಂಡರ ಮನಸ್ಸಿನಲ್ಲಿ ಉಳಿದದ್ದು ಒಂದೇ ಪಾಠ: ಕಥೋಲಿಕರನ್ನು ನಿಲ್ಲಿಸಿದರೆ ಸೋಲುತ್ತೇವೆ.

ವಿಚಿತ್ರವೆಂದರೆ, 1960ರಲ್ಲಿ ಈ ಪಾಠವನ್ನು ಗಟ್ಟಿಯಾಗಿ ನಂಬಿದ್ದವರಲ್ಲಿ ಕಥೋಲಿಕ ಮುಖಂಡರೂ ಇದ್ದರು. ಪೆನ್ಸಿಲ್ವೇನಿಯದ ಗವರ್ನರ್ ಡೇವಿಡ್ ಲಾರೆನ್ಸ್ ಸ್ವತಃ ಕಥೋಲಿಕರು. ತಮ್ಮದೇ ಧರ್ಮಸಭೆಯ ತರುಣನೊಬ್ಬ ಅಭ್ಯರ್ಥಿಯಾದರೆ ಪಕ್ಷಕ್ಕೆ ಪೆಟ್ಟು ಬೀಳುತ್ತದೆ ಎಂದು ಅವರು ಬಹಳ ದಿನ ಹಿಂಜರಿದರು. ನಮ್ಮ ಅಂಗಳದ ಮಾತಿಗೂ ಅವರ ಭಯಕ್ಕೂ ಎಷ್ಟು ಹೋಲಿಕೆ ನೋಡಿ.

ವಿಸ್ಕಾನ್ಸಿನ್: ಗೆದ್ದರೂ ಗೆಲುವಲ್ಲ

1960ರ ಏಪ್ರಿಲ್ 5ರಂದು ವಿಸ್ಕಾನ್ಸಿನ್ ಪ್ರೈಮರಿ ನಡೆಯಿತು. ಎದುರಾಳಿ ನೆರೆಯ ಮಿನ್ನೆಸೋಟದ ಸೆನೆಟರ್ ಹ್ಯೂಬರ್ಟ್ ಹಂಫ್ರಿ. ಕಪ್ಪು ಜನರ ಹಕ್ಕುಗಳ ಪರವಾಗಿ 1948ರ ಪಕ್ಷದ ಸಮಾವೇಶದಲ್ಲೇ ಧೈರ್ಯದಿಂದ ಮಾತನಾಡಿದ್ದ ಪ್ರೊಟೆಸ್ಟೆಂಟ್ ನಾಯಕ ಅವರು. ಕೆನಡಿಗೆ ಸುಮಾರು ಶೇಕಡ 56 ಮತಗಳು ಬಂದವು. ಹತ್ತು ಜಿಲ್ಲೆಗಳಲ್ಲಿ ಆರು ಅವರ ಪಾಲಾದವು.

ಸಾಮಾನ್ಯವಾಗಿ ಇದು ಒಳ್ಳೆಯ ಗೆಲುವು. ಆದರೆ ಪತ್ರಿಕೆಗಳು ನಕ್ಷೆ ಹರಡಿಕೊಂಡು ಕುಳಿತವು. ಕಥೋಲಿಕರು ಹೆಚ್ಚಿರುವ ಕಡೆ ಕೆನಡಿ ಗೆದ್ದಿದ್ದಾರೆ, ಪ್ರೊಟೆಸ್ಟೆಂಟರು ಹೆಚ್ಚಿರುವ ಪಶ್ಚಿಮದ ಜಿಲ್ಲೆಗಳಲ್ಲಿ ಸೋತಿದ್ದಾರೆ, ಹಾಗಾದರೆ ಇದು ಕಥೋಲಿಕರು ತಮ್ಮವನಿಗೆ ಕೊಟ್ಟ ಓಟು ಎಂದು ಬರೆದವು. ಸೋತಿದ್ದರೆ ಧರ್ಮದಿಂದ ಸೋತರು ಎನ್ನುತ್ತಿದ್ದರು. ಗೆದ್ದಾಗ ಧರ್ಮದಿಂದ ಗೆದ್ದರು ಎಂದರು.

ಇಲ್ಲಿ ನಾವು ಒಂದು ಮಾತನ್ನು ಮುಚ್ಚಿಡಬಾರದು. ಈ ಲೆಕ್ಕವನ್ನು ಮೊದಲು ಹಾಕಿದ್ದು ಕೆನಡಿ ಕಡೆಯವರೇ. 1956ರಲ್ಲಿ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿ ಮಾಡಬೇಕೆಂದು ಒಂದು ಟಿಪ್ಪಣಿ ಪಕ್ಷದೊಳಗೆ ಓಡಾಡಿತ್ತು. ದೊಡ್ಡ ರಾಜ್ಯಗಳಲ್ಲಿ ಕಥೋಲಿಕ ಮತಗಳು ಎಷ್ಟಿವೆ, ಅವು ಹೇಗೆ ಪಕ್ಷಕ್ಕೆ ಮರಳುತ್ತವೆ ಎಂಬ ಅಂಕಿಗಳು ಅದರಲ್ಲಿದ್ದವು. ಕನೆಕ್ಟಿಕಟ್‌ನ ಮುಖಂಡ ಜಾನ್ ಬೇಲಿ ಅವರ ಹೆಸರಿನಲ್ಲಿ ಹೊರಬಂದ ಆ ಟಿಪ್ಪಣಿಯನ್ನು ನಿಜವಾಗಿ ತಯಾರಿಸಿದ್ದು ಕೆನಡಿಯವರ ಸಹಾಯಕ ಥಿಯೋಡರ್ ಸೋರೆನ್ಸನ್. ಮುಖಂಡರ ಮುಂದೆ "ನಮ್ಮ ಧರ್ಮ ಓಟು ತರುತ್ತದೆ" ಎಂದವರು, ಮತದಾರರ ಮುಂದೆ "ಧರ್ಮವನ್ನು ನೋಡಬೇಡಿ" ಎನ್ನಬೇಕಾಯಿತು.

ಗಣಿಗಳ ನಾಡಿನಲ್ಲಿ

ಕೆನಡಿ, ಹಂಫ್ರಿ ಮತ್ತೆ ಎದುರುಬದುರಾದದ್ದು ವೆಸ್ಟ್ ವರ್ಜೀನಿಯ ಪ್ರೈಮರಿಯಲ್ಲಿ, ಮೇ 10ರಂದು. ಗುಡ್ಡಗಾಡಿನ ಬಡ ರಾಜ್ಯ ಅದು. ಕಲ್ಲಿದ್ದಲು ಗಣಿಗಳಿಗೆ ಯಂತ್ರಗಳು ಬಂದು ಸಾವಿರಾರು ಜನ ಕೆಲಸ ಕಳೆದುಕೊಂಡಿದ್ದರು. ಕಥೋಲಿಕರು ನೂರಕ್ಕೆ ಐವರು ಇದ್ದರೆ ಹೆಚ್ಚು.

ಕೆನಡಿಯವರ ಜನಾಭಿಪ್ರಾಯ ಸಮೀಕ್ಷಕ ಲೂಯಿಸ್ ಹ್ಯಾರಿಸ್ 1959ರ ಕೊನೆಯಲ್ಲಿ ಅಲ್ಲಿ ಕೇಳಿ ನೋಡಿದಾಗ ಕೆನಡಿ 70, ಹಂಫ್ರಿ 30 ಎಂದು ಬಂದಿತ್ತು. ವಿಸ್ಕಾನ್ಸಿನ್ ಆದ ಮೇಲೆ ಮತ್ತೆ ಕೇಳಿದರೆ ಹಂಫ್ರಿ 60, ಕೆನಡಿ 40! ನಡುವೆ ಆದದ್ದು ಇಷ್ಟೇ: ಕೆನಡಿ ಕಥೋಲಿಕರು ಎಂಬುದು ಜನರಿಗೆ ತಿಳಿದಿತ್ತು. ತಮ್ಮ ರಾಬರ್ಟ್ ಕೆನಡಿ ಸ್ಥಳೀಯ ಕಾರ್ಯಕರ್ತರನ್ನು ಸೇರಿಸಿ ನಿಮ್ಮ ತೊಂದರೆ ಏನೆಂದು ಕೇಳಿದಾಗ, ಇರುವುದು ಒಂದೇ ತೊಂದರೆ, ನಿಮ್ಮ ಅಣ್ಣನ ಧರ್ಮ ಎಂಬ ಉತ್ತರ ನೇರವಾಗಿ ಬಂತಂತೆ.

ಈಗ ಏನು ಮಾಡಬೇಕು? ಧರ್ಮದ ಮಾತೇ ಎತ್ತಬೇಡಿ ಎಂದು ಹಲವರು ಬುದ್ಧಿ ಹೇಳಿದರು. ಕೆನಡಿ ಬೇರೆ ದಾರಿ ಹಿಡಿದರು. ತಾವೇ ಅದನ್ನು ಎತ್ತಿದರು. ಏಪ್ರಿಲ್ 21ರಂದು ಪತ್ರಿಕಾ ಸಂಪಾದಕರ ಸಂಘದ ಮುಂದೆ ಮಾತನಾಡಿದರು. ಗಣಿ ಊರುಗಳ ಬೀದಿಗಳಲ್ಲಿಯೂ ಅದೇ ಮಾತು ಹೇಳಿದರು. ತಾನು ನೌಕಾಪಡೆಗೆ ಸೇರಿದಾಗ ಯಾರೂ ತನ್ನ ಧರ್ಮ ಕೇಳಲಿಲ್ಲ. ಯುದ್ಧವಿಮಾನ ಹತ್ತಿ ಮರಳಿ ಬಾರದ ಅಣ್ಣನ ಧರ್ಮವನ್ನೂ ಯಾರೂ ಕೇಳಲಿಲ್ಲ ಎಂದು ಜನರಿಗೆ ನೆನಪಿಸಿದರು. ಮತದಾನಕ್ಕೆ ಎರಡು ದಿನ ಮೊದಲು ಟೆಲಿವಿಷನ್‌ನಲ್ಲಿ, ಅಧ್ಯಕ್ಷನಾಗುವವನು ಬೈಬಲ್ ಮೇಲೆ ಕೈಯಿಟ್ಟು ಸಂವಿಧಾನದ ಹೆಸರಿನಲ್ಲಿ ಪ್ರಮಾಣ ಮಾಡುತ್ತಾನೆ, ಅದನ್ನು ಮುರಿದರೆ ದೇಶಕ್ಕೆ ಮಾತ್ರವಲ್ಲ, ದೇವರಿಗೂ ದ್ರೋಹ ಮಾಡಿದಂತೆ ಎಂದು ವಿವರಿಸಿದರು. ಅಂದು ಅವರಿಗೆ ಪ್ರಶ್ನೆ ಕೇಳುತ್ತಿದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್ ಜೂನಿಯರ್. ಗಣಿ ಕಾರ್ಮಿಕರ ಮನೆಗಳಲ್ಲಿ ಅವರ ತಂದೆ, ಅಧ್ಯಕ್ಷ ರೂಸ್‌ವೆಲ್ಟ್, ದೇವರ ಸಮಾನ.

ಜನ ಕೇಳಿಸಿಕೊಂಡರು. ಅವರ ಮನಸ್ಸಿನಲ್ಲಿ ಪ್ರಶ್ನೆಯೇ ಬದಲಾಯಿತು. "ಕಥೋಲಿಕನಿಗೆ ಓಟು ಹಾಕಬಹುದೇ?" ಎಂಬುದರ ಬದಲು "ಧರ್ಮ ನೋಡಿ ಓಟು ಹಾಕುವಷ್ಟು ಸಣ್ಣ ಮನಸ್ಸಿನವರೇ ನಾವು?" ಎಂದು ಅವರು ತಮ್ಮನ್ನೇ ಕೇಳಿಕೊಳ್ಳತೊಡಗಿದರು.

ಹಂಫ್ರಿಯ ಸಂಕಟ

ಈ ಹೊಸ ಪ್ರಶ್ನೆಯಲ್ಲಿ ಸಿಕ್ಕಿಬಿದ್ದವರು ಹಂಫ್ರಿ. ಜೀವನವಿಡೀ ಭೇದಭಾವದ ವಿರುದ್ಧ ಹೋರಾಡಿದವರು ಅವರು. ಈಗ ಅವರಿಗೆ ಓಟು ಹಾಕುವುದೆಂದರೆ ಸಣ್ಣ ಮನಸ್ಸನ್ನು ತೋರಿಸಿದಂತೆ ಎಂಬ ವಾತಾವರಣ ಹುಟ್ಟಿತು. ಅದನ್ನು ತೊಳೆದುಕೊಳ್ಳಲು ಅವರಲ್ಲಿ ಮಾತೂ ಇರಲಿಲ್ಲ, ಹಣವೂ ಇರಲಿಲ್ಲ. ಕೆನಡಿ ಮನೆತನದ ಹಣದ ಎದುರು ತನ್ನ ಸ್ಥಿತಿ ದೊಡ್ಡ ಮಳಿಗೆ ಸರಣಿಯ ಎದುರು ನಿಂತ ಚಿಕ್ಕ ಅಂಗಡಿಯವನಂತೆ ಎಂದು ಅವರೇ ಹೇಳಿಕೊಂಡರು. ಸಾಲದ್ದಕ್ಕೆ ರೂಸ್‌ವೆಲ್ಟ್ ಜೂನಿಯರ್, ಹಂಫ್ರಿ ಯುದ್ಧಕ್ಕೆ ಹೋಗದೆ ತಪ್ಪಿಸಿಕೊಂಡರು ಎಂಬ ಅರ್ಥ ಬರುವಂತೆ ಮಾತನಾಡಿದರು. ಆರೋಗ್ಯದ ಕಾರಣಕ್ಕೆ ಸೇನೆಯೇ ಹಂಫ್ರಿಯನ್ನು ತೆಗೆದುಕೊಂಡಿರಲಿಲ್ಲ. ಮುಂದೆ ರೂಸ್‌ವೆಲ್ಟ್ ಕ್ಷಮೆ ಕೇಳಿದರು. ಆದರೆ ಓಟು ಎಣಿಸಿ ಆಗಿತ್ತು.

ಇದನ್ನು ಬರೆಯುವಾಗ ನಮಗೂ ಸಂಕೋಚವಾಗುತ್ತದೆ. "ನಮ್ಮವರು" ಗೆದ್ದ ಕಥೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯನಿಗೆ ಅನ್ಯಾಯವೂ ಆಯಿತು. ಅದನ್ನು ಬಿಟ್ಟು ಹೇಳಿದರೆ ಇದು ಇತಿಹಾಸವಾಗುವುದಿಲ್ಲ.

ಮೇ 10ರ ರಾತ್ರಿ ಕೆನಡಿ ವೆಸ್ಟ್ ವರ್ಜೀನಿಯದಲ್ಲಿ ಇರಲೇ ಇಲ್ಲ. ಗೆಲ್ಲುವ ಭರವಸೆ ಇಲ್ಲದೆ ವಾಷಿಂಗ್ಟನ್‌ಗೆ ಮರಳಿದ್ದರು. ಎಣಿಕೆ ಮುಗಿದಾಗ ಕೆನಡಿಗೆ ಶೇಕಡ 60.8, ಹಂಫ್ರಿಗೆ 39.2. ಹಂಫ್ರಿ ಸ್ಪರ್ಧೆಯಿಂದ ಹಿಂದೆ ಸರಿದರು. ರಾಬರ್ಟ್ ಕೆನಡಿ ಮಳೆಯಲ್ಲೇ ನಡೆದು ಹೋಗಿ ಅವರನ್ನೂ ಅವರ ಪತ್ನಿಯನ್ನೂ ಕಂಡು ಮಾತನಾಡಿಸಿ ಬಂದರು.

ಆಮೇಲೆ

"ಕಥೋಲಿಕರಿಗೆ ಪ್ರೊಟೆಸ್ಟೆಂಟರು ಓಟು ಹಾಕುವುದಿಲ್ಲ" ಎಂದು ಹಿಂಜರಿಯುತ್ತಿದ್ದ ಮುಖಂಡರು ಒಬ್ಬೊಬ್ಬರಾಗಿ ಕೆನಡಿ ಕಡೆ ಬಂದರು. ಜುಲೈಯಲ್ಲಿ ಲಾಸ್ ಏಂಜಲೀಸ್ ಸಮಾವೇಶದಲ್ಲಿ ಮೊದಲ ಸುತ್ತಿನಲ್ಲೇ ಅವರು ಆಯ್ಕೆಯಾದರು. ಆದರೂ ಪ್ರಶ್ನೆ ಸಾಯಲಿಲ್ಲ. ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರೊಟೆಸ್ಟೆಂಟ್ ಬೋಧಕರ ಎದುರು ನಿಂತು ಕೆನಡಿ ಮತ್ತೆ ಉತ್ತರ ಕೊಟ್ಟರು. ಆತ್ಮಸಾಕ್ಷಿಗೂ ದೇಶಹಿತಕ್ಕೂ ಎಂದಾದರೂ ಹೊಂದಾಣಿಕೆಯಾಗದಿದ್ದರೆ ಹುದ್ದೆ ಬಿಡುತ್ತೇನೆ ಎಂದರು. ನವೆಂಬರ್ 8ರ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್‌ಗಿಂತ ಅವರಿಗೆ ಹೆಚ್ಚು ಬಂದದ್ದು ಸುಮಾರು 1.1 ಲಕ್ಷ ಮತ ಮಾತ್ರ. ವೆಸ್ಟ್ ವರ್ಜೀನಿಯ ಅಂದೂ ಅವರ ಕೈಬಿಡಲಿಲ್ಲ.

ಅಲ್ಲಿ ಕಂಡ ಹಸಿವನ್ನು ಕೆನಡಿಯೂ ಮರೆಯಲಿಲ್ಲ. ಅಧಿಕಾರ ವಹಿಸಿಕೊಂಡ ಮರುದಿನ, 1961ರ ಜನವರಿ 21ರಂದು, ಬಡ ಕುಟುಂಬಗಳಿಗೆ ಕೊಡುವ ಆಹಾರವನ್ನು ಹೆಚ್ಚಿಸುವ ಆದೇಶವನ್ನೇ ಮೊದಲು ಹೊರಡಿಸಿದರು. ಹೊಸ ಆಹಾರ ಚೀಟಿ ಯೋಜನೆ ಅದೇ ವರ್ಷದ ಮೇ ತಿಂಗಳಲ್ಲಿ ಶುರುವಾದದ್ದು ವೆಸ್ಟ್ ವರ್ಜೀನಿಯದ ಮ್ಯಾಕ್‌ಡವೆಲ್ ಜಿಲ್ಲೆಯಲ್ಲಿ. ಆ ಚೀಟಿ ಹಿಡಿದು ಅಂಗಡಿಗೆ ಹೋದವರ ಧರ್ಮವನ್ನು ಯಾರೂ ಕೇಳಲಿಲ್ಲ.

ಇದೇ ಪ್ರಶ್ನೆ ಬೇರೆಯವರ ಬಾಗಿಲಿಗೂ ಬಂದಿದೆ. ಮಾರ್ಮನ್ ಪಂಥದ ಮಿಟ್ ರೋಮ್ನಿ 2007ರ ಡಿಸೆಂಬರ್‌ನಲ್ಲಿ ತಮ್ಮ ನಂಬಿಕೆಯ ಬಗ್ಗೆ ಟೆಕ್ಸಾಸ್‌ನಲ್ಲಿ ಭಾಷಣ ಮಾಡಬೇಕಾಯಿತು. ಮರು ತಿಂಗಳು ಐಯೋವದಲ್ಲಿ ಬ್ಯಾಪ್ಟಿಸ್ಟ್ ಬೋಧಕರಾಗಿದ್ದ ಮೈಕ್ ಹಕಬಿ ಎದುರು ಸೋತರು. 2012ರಲ್ಲಿ ಅದೇ ರೋಮ್ನಿ ತಮ್ಮ ಪಕ್ಷದ ಅಭ್ಯರ್ಥಿಯಾದರು. ಕೆನಡಿಯ ನಂತರ ಎರಡನೆಯ ಕಥೋಲಿಕ ಅಧ್ಯಕ್ಷರಾಗಿ ಜೋ ಬೈಡನ್ ಆಯ್ಕೆಯಾದದ್ದು 2020ರಲ್ಲಿ, ಅಂದರೆ ಅರವತ್ತು ವರ್ಷಗಳ ಮೇಲೆ.

ನಮಗೆ ಏನು?

ಗಡಿನಾಡಿನಲ್ಲಿ ಬದುಕುವ ನಾವು ಭಾಷೆಯಲ್ಲೂ ಕಡಿಮೆ ಜನ, ನಂಬಿಕೆಯಲ್ಲೂ ಕಡಿಮೆ ಜನ. ಹಾಗಾಗಿ ನೆರೆಯವರು ಏನು ಮಾಡುತ್ತಾರೋ ಎಂಬ ಲೆಕ್ಕ ನಮಗೆ ಬೇಗ ಬರುತ್ತದೆ. ವೆಸ್ಟ್ ವರ್ಜೀನಿಯ ಹೇಳುವುದು ಇಷ್ಟು: ಆ ಲೆಕ್ಕ ತಪ್ಪಾಗಿರಬಹುದು. ಗಣಿ ಕಾರ್ಮಿಕರನ್ನು ಕೇಳದೆಯೇ ದೊಡ್ಡ ದೊಡ್ಡ ಮುಖಂಡರು ಅವರ ಮನಸ್ಸನ್ನು ಅಳೆದುಬಿಟ್ಟಿದ್ದರು. ಯಾರೋ ಎದುರಿಗೆ ಹೋಗಿ, ಮುಖ ನೋಡಿ ಮಾತನಾಡಿದಾಗ ಅದೇ ಜನ ಬೇರೆಯೇ ಉತ್ತರ ಕೊಟ್ಟರು. ಮೂವತ್ತೆರಡು ವರ್ಷಗಳ ಭಯ ಐದು ವಾರಗಳಲ್ಲಿ ಸುಳ್ಳಾಯಿತು.

ಇದರ ಇನ್ನೊಂದು ಬದಿಯೂ ಇದೆ. ನಮ್ಮ ಧರ್ಮದವರೆಂಬ ಒಂದೇ ಕಾರಣಕ್ಕೆ ನಾವು ಓಟು ಹಾಕಿದರೆ, ವಿಸ್ಕಾನ್ಸಿನ್ ನಕ್ಷೆ ನೋಡಿ ಪತ್ರಿಕೆಗಳು ಬರೆದದ್ದನ್ನು ನಾವೇ ನಿಜ ಮಾಡಿದಂತಾಗುತ್ತದೆ. ಬೇರೆಯವರು ನಮ್ಮ ಧರ್ಮ ನೋಡದೆ ನಮ್ಮನ್ನು ತೂಗಬೇಕು ಎಂದು ನಾವು ಬಯಸುವುದಾದರೆ, ನಮ್ಮ ಕೈಯಲ್ಲಿರುವ ತಕ್ಕಡಿಯೂ ಹಾಗೆಯೇ ಇರಬೇಕು.

ಮುಂದಿನ ಯುವ ಸಭೆಯಲ್ಲಿ ಇದನ್ನು ಚರ್ಚೆಗೆ ಇಡೋಣ. 1960ರ ಆ ಮೇ ತಿಂಗಳಲ್ಲಿ ನಾವು ವೆಸ್ಟ್ ವರ್ಜೀನಿಯದಲ್ಲಿ ಇದ್ದಿದ್ದರೆ ಕೆನಡಿಗೆ ಓಟು ಹಾಕುತ್ತಿದ್ದೆವೋ, ಹಂಫ್ರಿಗೋ? ಏಕೆ? ಮನೆಯಲ್ಲಿ ಹಿರಿಯರನ್ನೂ ಕೇಳಿಕೊಂಡು ಬನ್ನಿ. ಅವರು ತಮ್ಮ ಮೊದಲ ಓಟನ್ನು ಏನು ನೋಡಿ ಹಾಕಿದರು ಎಂಬುದನ್ನೂ ಕೇಳಿ.