ರೇಡಿಯೊ ನಿಯಂತ್ರಿತ ಟೂರಿಂಗ್ ಕಾರು: ಓಟಕ್ಕೆ ಮುನ್ನ
ನೈಜ ಕಾರಿನ ಹತ್ತನೇ ಒಂದು ಗಾತ್ರದ, ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವಿದ್ಯುತ್ ಮಾದರಿಯೇ ಟೂರಿಂಗ್ ಕಾರು. ಅಗಲ ಸುಮಾರು 190 ಮಿ.ಮೀ. ಡಾಂಬರು ಇಲ್ಲವೇ ಕಾರ್ಪೆಟ್ ಪಥದಲ್ಲಿ ನಡೆಯುವ ಓಟ ಸಾಮಾನ್ಯವಾಗಿ 5 ನಿಮಿಷದ್ದು. ಒಮ್ಮೆ ಗಿರಕಿ ಹೊಡೆದರೆ ಕಳೆದ ಕಾಲ ಮರಳಿ ದಕ್ಕದು. ಜರ್ಮನಿಯ ಮಾರ್ಕ್ ರೈನಾರ್ಡ್ 2004, 2008 ಹಾಗೂ 2010ರಲ್ಲಿ ಈ ವಿಭಾಗದ ವಿಶ್ವ ಚಾಂಪಿಯನ್ ಆಗಿದ್ದರು.

ಹೊಸಬರು ಮೊದಲು ಕೈಹಾಕುವುದು ಮೋಟಾರಿಗೆ. ಇದು ಸಲ್ಲದು, ತಿರುವಿನ ವೇಗವನ್ನು ನಿರ್ಧರಿಸುವುದು ಟೈರಿನ ಹಿಡಿತ. ಚಕ್ರಗಳ ಮೇಲ್ಭಾಗವು ಒಂದೂವರೆ-ಎರಡು ಡಿಗ್ರಿ ಒಳಕ್ಕೆ ವಾಲಿರಲಿ. ಇದನ್ನು ಕ್ಯಾಂಬರ್ ಎನ್ನುವರು. ಹಿಂಚಕ್ರಗಳು ಎರಡರಿಂದ ಮೂರು ಡಿಗ್ರಿ ಒಳಮುಖವಾಗಿದ್ದರೆ ಕಾರು ಸ್ಥಿರವಾಗಿ ಸಾಗುತ್ತದೆ. ಅತಿಯಾದರೆ ನೇರ ಹಾದಿಯಲ್ಲಿ ವೇಗ ಕುಂದುತ್ತದೆ. ಷಾಸಿಯು ನೆಲದಿಂದ ಐದಾರು ಮಿ.ಮೀ. ಎತ್ತರದಲ್ಲಿದ್ದರೆ ಸಾಕು. ತಿರುವಿನಲ್ಲಿ ಹಿಂಭಾಗ ಜಾರುತ್ತಿದ್ದರೆ ಹಿಂದೆ ಮೃದುವಾದ ಸ್ಪ್ರಿಂಗ್ ಅಳವಡಿಸಿ ನೋಡಬಹುದು. ಮೂತಿ ತಿರುಗದೆ ಹೊರಕ್ಕೆ ಸರಿದರೆ ಮುಂದೆ. ಆದರೆ ಒಂದು ಬಾರಿಗೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಗುಣ ಯಾವುದರದು, ದೋಷ ಯಾವುದರದು ಎಂಬುದೇ ತಿಳಿಯದು.

ಸುತ್ತಿನಲ್ಲಿ ಹಿಂದುಳಿದ ಕಾರು ಮುಂದಿನವರಿಗೆ ದಾರಿ ಬಿಡಬೇಕು. ತನ್ನ ಓಟ ಮುಗಿಸಿದಾತ ಮುಂದಿನ ಓಟದಲ್ಲಿ ಮಾರ್ಷಲ್ ಆಗಿ ನಿಂತು, ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸುವುದು ವಾಡಿಕೆ.